ಪದ ಕೇಳುತ್ತದೆ, ಅರ್ಥ ಕೇಳುವುದಿಲ್ಲ: ಫೋನಿನ ಧ್ವನಿ ಹೊಂದಿಸಿಕೊಳ್ಳುವುದನ್ನು ಹಿರಿಯರಿಗೆ ಕಲಿಸೋಣ

ಮಾನ್ಯ ಸಂಪಾದಕರೇ,

ಹಗಲಿರುಳು ಇಯರ್‌ಫೋನ್ ಸಿಕ್ಕಿಸಿಕೊಂಡು ಹಾಡು ಕೇಳುವ ಮಕ್ಕಳ ಕಿವಿಯ ಬಗ್ಗೆ ಆತಂಕ ವ್ಯಕ್ತಪಡಿಸುವ ಪತ್ರಗಳು ಈ ಅಂಕಣದಲ್ಲಿ ಆಗಾಗ ಪ್ರಕಟವಾಗುತ್ತಿರುತ್ತವೆ. ಆ ಆತಂಕ ನ್ಯಾಯವಾದದ್ದೇ. ಅದರ ಬಗ್ಗೆ ಮುಂದೆ ನಾನೂ ಒಂದೆರಡು ಮಾತು ಬರೆಯುತ್ತೇನೆ. ಆದರೆ ಮೊಬೈಲಿನಲ್ಲಿ ಹಾಡು, ಮಾತು ಕೇಳುವವರು ಮಕ್ಕಳಷ್ಟೇ ಅಲ್ಲ. ರೇಡಿಯೋ, ಟೇಪ್‌ರೆಕಾರ್ಡರ್ ಎರಡೂ ಅಟ್ಟ ಸೇರಿದ ಮೇಲೆ ನಮ್ಮ ಊರುಗಳ ಹಿರಿಯರಿಗೆ ಯಕ್ಷಗಾನ, ತಾಳಮದ್ದಲೆ, ದಾಸರ ಪದ, ಹರಿಕಥೆ, ಶಾಸ್ತ್ರೀಯ ಗಾಯನ ಎಲ್ಲವೂ ಸಿಗುವುದು ಫೋನಿನಲ್ಲೇ. ಅವರವರ ಕಿವಿಗೆ ತಕ್ಕಂತೆ ಆ ಧ್ವನಿಯನ್ನು ಹೊಂದಿಸಿಕೊಡಬಹುದೆಂಬುದು, ಅದಕ್ಕೆ ಬೇಕಾದ ಸೌಲಭ್ಯ ಫೋನಿನ ಒಳಗೇ ಇದೆಯೆಂಬುದು, ಬಹಳಷ್ಟು ಮನೆಗಳಲ್ಲಿ ಯಾರಿಗೂ ತಿಳಿದಿರುವುದಿಲ್ಲ. ನಮ್ಮ ಮನೆಯಲ್ಲೂ ತಿಳಿದಿರಲಿಲ್ಲ. ತಿಳಿಯುವಷ್ಟರಲ್ಲಿ ನಮ್ಮ ತಾಯಿ ಸುಮಾರು ಒಂದು ವರ್ಷ ಕಾಲ ಅರ್ಧ ತಾಳಮದ್ದಲೆಯನ್ನಷ್ಟೇ ಕೇಳಿದ್ದರು.

ತಾಯಿಗೆ ಈಗ 81 ವರ್ಷ. ಎಡಗಿವಿ ಎಷ್ಟೋ ವರ್ಷಗಳ ಹಿಂದೆಯೇ ಪೂರ್ತಿ ಹೋಗಿದೆ. ಬಲಗಿವಿ ವಯಸ್ಸಿಗೆ ತಕ್ಕಷ್ಟು ಮಂದವಾಗಿದ್ದರೂ ಕೆಲಸಕ್ಕೆ ಬರುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಜಗಲಿಯ ಕಂಬಕ್ಕೆ ಒರಗಿ ಕುಳಿತು, ವೈರಿನ ಇಯರ್‌ಫೋನನ್ನು ಎರಡೂ ಕಿವಿಗೆ ಇಟ್ಟುಕೊಂಡು, ಹಳೆಯ ತಾಳಮದ್ದಲೆ ಕೂಟಗಳ ಧ್ವನಿಮುದ್ರಣ ಕೇಳುವುದು ಅವರ ದಿನಚರಿ. ಒಂದು ದಿನ ಇಯರ್‌ಫೋನ್ ಕಿತ್ತು ಪಕ್ಕಕ್ಕಿಟ್ಟು, 'ಪದ ಕೇಳ್ತು, ಅರ್ಥ ಕೇಳ್ತಿಲ್ಲೆ' ಎಂದರು. ತಾಳಮದ್ದಲೆಯ ಪರಿಚಯವಿಲ್ಲದ ಓದುಗರಿಗಾಗಿ ಹೇಳುವುದಾದರೆ, ಭಾಗವತರು ಹಾಡುವುದು ಪದ. ಆ ಪದವನ್ನು ಹಿಡಿದು ಅರ್ಥಧಾರಿಗಳು ಬೆಳೆಸುವ ಮಾತು ಅರ್ಥ. ವೇಷವೂ ಕುಣಿತವೂ ಇಲ್ಲದ ಆ ಕಲೆಯಲ್ಲಿ ಮಾತೇ ಪ್ರಾಣ. ಕೃಷ್ಣನಿಗೂ ಕೌರವನಿಗೂ ನಡೆಯುವ ವಾದದಲ್ಲಿ ಒಂದು ಮಾತು ತಪ್ಪಿದರೂ ಮುಂದಿನ ಮಾತಿನ ಸ್ವಾರಸ್ಯ ಹೋಗುತ್ತದೆ. ಚಂಡೆ, ಮದ್ದಳೆ, ಭಾಗವತರ ಕಂಠ ಎಲ್ಲ ಕೇಳಿ, ಅರ್ಥ ಬಂದ ಕೂಡಲೇ ದೂರದ ಗುಂಜಾಟವಾದರೆ ಕೇಳುವವರಿಗೆ ಏನಾಗಬೇಡ?

ಉಳಿದಿದ್ದ ಒಂದು ಕಿವಿಯೂ ಹೋಗುತ್ತಿದೆ ಎಂದೇ ನಾವು ಭಾವಿಸಿದೆವು. ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದಾಗ ಇಯರ್‌ಫೋನ್ ಹಾಳಾಗಿದೆ ಎಂದು ಹೊಸದನ್ನು ಕೊಟ್ಟರು. ಕೆಲವು ತಿಂಗಳ ಮೇಲೆ ಇನ್ನೊಂದನ್ನು ಕೊಂಡೆವು. ವಾಲ್ಯೂಮ್ ಏರಿಸಿದರೆ ಚಂಡೆಯ ಪೆಟ್ಟು ತಲೆಗೆ ಹೊಡೆಯುತ್ತದೆ ಎಂದು ಅವರೇ ಇಳಿಸಿಬಿಡುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ಇಯರ್‌ಫೋನ್ ಅದಲುಬದಲಾಗಿ ಹೋಯಿತು. ಎಡದ ಗುಬ್ಬಿ ಬಲಗಿವಿಗೆ, ಬಲದ್ದು ಎಡಗಿವಿಗೆ. ತಾಯಿ ಬೆರಗಾಗಿ ನನ್ನನ್ನು ಕೂಗಿ ಕರೆದು, ಈಗ ಅರ್ಥ ಸ್ಪಷ್ಟವಾಗಿ ಕೇಳುತ್ತಿದೆ, ಪದವೇ ಇಲ್ಲ ಎಂದರು. ನಾನು ಅದೇ ಮುದ್ರಣವನ್ನು ನನ್ನ ಎರಡೂ ಕಿವಿಗೆ ಇಟ್ಟು ಕೇಳಿದಾಗ ವಿಷಯ ತಿಳಿಯಿತು. ಆ ಕೂಟವನ್ನು ಮುದ್ರಿಸಿದವರು ಹಿಮ್ಮೇಳದ (ಭಾಗವತರು, ಚಂಡೆ, ಮದ್ದಳೆ) ಮುಂದೆ ಒಂದು ಮೈಕು, ಅರ್ಥಧಾರಿಗಳ ಮುಂದೆ ಒಂದು ಮೈಕು ಇಟ್ಟಿದ್ದರು. ಒಂದರ ಧ್ವನಿ ಬಲಕ್ಕೂ ಇನ್ನೊಂದರ ಧ್ವನಿ ಎಡಕ್ಕೂ ಹೋಗಿ, ಹಾಗೆಯೇ ಉಳಿದಿತ್ತು. ಎರಡು ಕಿವಿ ಇದ್ದವರಿಗೆ ಅದು ಸುಂದರವಾಗಿಯೇ ಕೇಳುತ್ತದೆ: ಭಾಗವತರು ಒಂದು ಬದಿ, ಅರ್ಥಧಾರಿ ಇನ್ನೊಂದು ಬದಿ ಕುಳಿತಂತೆ. ಒಂದೇ ಕಿವಿಯವರಿಗೆ ಅರ್ಧ ಪ್ರಸಂಗವೇ ಇಲ್ಲ.

ಇದಕ್ಕೆ ಪರಿಹಾರ ಫೋನಿನಲ್ಲೇ ಇತ್ತು. ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್ ಒಳಗೆ ಆಕ್ಸೆಸಿಬಿಲಿಟಿ ಎಂಬ ವಿಭಾಗವಿದ್ದು, ಅದರಲ್ಲಿ ಶ್ರವಣಕ್ಕೆ ಸಂಬಂಧಿಸಿದ ಭಾಗದಲ್ಲಿ ಮೊನೊ ಆಡಿಯೋ ಎಂಬ ಆಯ್ಕೆ ಇರುತ್ತದೆ. ಐಫೋನಿನಲ್ಲೂ ಆಕ್ಸೆಸಿಬಿಲಿಟಿಯಲ್ಲೇ, ಧ್ವನಿ ಮತ್ತು ದೃಶ್ಯಕ್ಕೆ ಮೀಸಲಾದ ಪುಟದಲ್ಲಿ, ಇದೇ ಹೆಸರಿನಿಂದ ಇದೆ. ಅದನ್ನು ಆನ್ ಮಾಡಿದರೆ ಎಡದ ಧ್ವನಿಯೂ ಬಲದ ಧ್ವನಿಯೂ ಕೂಡಿಕೊಂಡು ಎರಡೂ ಕಿವಿಗೆ ಒಂದೇ ಆಗಿ ಬರುತ್ತವೆ. ಅದರ ಪಕ್ಕದಲ್ಲೇ ಎಡ–ಬಲದ ಪ್ರಮಾಣವನ್ನು ಬದಲಿಸುವ ಇನ್ನೊಂದು ಪಟ್ಟಿ ಇರುವುದರಿಂದ, ಅದನ್ನು ಬಲಕ್ಕೆ ಎಳೆದರೆ ಸಾಕೆಂದು ನಾನು ಮೊದಲು ತಿಳಿದಿದ್ದೆ. ಹಾಗೆ ಮಾಡಿದರೆ ಎಡದ ಧ್ವನಿ ಕುಗ್ಗುತ್ತದೆಯೇ ಹೊರತು ಬಲಕ್ಕೆ ಬಂದು ಸೇರುವುದಿಲ್ಲ. ಎರಡು ಕಿವಿಗಳ ಶಕ್ತಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದವರಿಗೆ ಆ ಪಟ್ಟಿ, ಒಂದು ಕಿವಿ ಪೂರ್ತಿ ಹೋದವರಿಗೆ ಮೊನೊ. ಈ ವ್ಯತ್ಯಾಸವನ್ನು ನಾನು ಒತ್ತಿ ಹೇಳುತ್ತಿರುವುದು ತಪ್ಪು ಪಟ್ಟಿಯನ್ನು ಎಳೆದು, ಪ್ರಯೋಜನವಾಗಲಿಲ್ಲವೆಂದು ಕೈಬಿಡುವವರು ಇರುತ್ತಾರೆಂಬ ಕಾರಣಕ್ಕೆ. ಒಂದೇ ಬದಿಗೆ ದಾಖಲಾಗಿರುವ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿಸಿಕೊಂಡವರಿಗೂ ಇದೇ ಮೊನೊ ಉಪಯೋಗಕ್ಕೆ ಬರುತ್ತದೆ. ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಇಟ್ಟುಕೊಂಡು, ಇನ್ನೊಂದನ್ನು ಬಾಗಿಲ ಸದ್ದಿಗೆ, ಮಗುವಿನ ಅಳುವಿಗೆ ಬಿಟ್ಟುಕೊಂಡು ಕೆಲಸ ಮಾಡುವ ಹೆಂಗಸರಿಗೂ ಅಷ್ಟೇ.

ಹಾಗಾದರೆ ಇಷ್ಟು ದಿನ ನಮಗೇಕೆ ಸಿಗಲಿಲ್ಲ? ತಾಯಿಯ ಫೋನಿನ ಭಾಷೆ ಕನ್ನಡ. ಆ ವಿಭಾಗದ ಹೆಸರು ಅದರಲ್ಲಿ 'ಪ್ರವೇಶಿಸುವಿಕೆ' ಎಂದಿತ್ತು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಆ ಪದವನ್ನು ನೋಡಿ, ಇದರೊಳಗೆ ಕಿವಿ ಮಂದವಾದವರಿಗೆ, ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ಬೇಕಾದ ಅನುಕೂಲಗಳಿವೆ ಎಂದು ಹೊಳೆಯಲಿಲ್ಲ. ಎಲ್ಲಿಗೋ ಪ್ರವೇಶಿಸುವ ಮಾತೆಂದು, ಪಾಸ್‌ವರ್ಡಿಗೆ ಸಂಬಂಧಿಸಿದ್ದಿರಬೇಕೆಂದು, ಮುಟ್ಟದೆ ಬಿಟ್ಟಿದ್ದೆ. ಇನ್ನೊಂದು ಫೋನಿನಲ್ಲಿ ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದದ್ದನ್ನು ನೋಡಿದೆ. ಅನುವಾದ ಮಾಡಿದವರ ಶ್ರಮವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಕನ್ನಡದಲ್ಲಿ ಫೋನು ಬಳಸಲು ಸಾಧ್ಯವಾಗಿರುವುದೇ ಅವರಿಂದ. ಆದರೆ 'ಕಣ್ಣು, ಕಿವಿ, ಕೈಗೆ ನೆರವು' ಎಂದೋ 'ಅನುಕೂಲತೆ' ಎಂದೋ ಬರೆದಿದ್ದರೆ, ಅದರ ಕೆಳಗೆ 'ಎರಡೂ ಕಿವಿಗೆ ಒಂದೇ ಧ್ವನಿ' ಎಂಬ ಸಾಲಿದ್ದಿದ್ದರೆ, ನಮ್ಮ ತಾಯಿಯೇ ಅದನ್ನು ಹುಡುಕಿಕೊಳ್ಳುತ್ತಿದ್ದರು. ಅವರಿಗೆ ಓದಲು ಬರುತ್ತದೆ, ಓದಿದ್ದು ಅರ್ಥವಾಗಬೇಕಷ್ಟೆ.

ಹಳೆಯ ರೇಡಿಯೋದ ಮುಖದ ಮೇಲೆ ಸ್ಟೇಷನ್ ತಿರುಗಿಸುವ ಗುಬುಟದ ಜೊತೆಗೆ ವಾಲ್ಯೂಮಿಗೊಂದು, ಟೋನಿಗೊಂದು ಗುಬುಟ ಇರುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಧಾರವಾಡ ಆಕಾಶವಾಣಿಯಲ್ಲಿ ಗಾಯನ ಬರುವಾಗ ನಮ್ಮ ತಂದೆ ಟೋನನ್ನು ಒಂದು ಕಡೆಗೂ, ವಾರ್ತೆ ಬರುವಾಗ ಇನ್ನೊಂದು ಕಡೆಗೂ ತಿರುಗಿಸುತ್ತಿದ್ದರು. ಓದು ಬರಹ ಅಷ್ಟಾಗಿ ತಿಳಿಯದವರೂ ಹಾಗೆ ಮಾಡುತ್ತಿದ್ದರು, ಏಕೆಂದರೆ ಅದು ಕಣ್ಣೆದುರಿಗೆ, ಕೈಗೆ ಸಿಗುವಂತೆ ಇತ್ತು. ಇಂದಿನ ಫೋನಿನಲ್ಲಿ ಅದಕ್ಕಿಂತ ಎಷ್ಟೋ ಪಾಲು ಸೂಕ್ಷ್ಮವಾಗಿ ಧ್ವನಿಯನ್ನು ತಿದ್ದಬಹುದು. 2010ರ ಕೊನೆಯಲ್ಲಿ ಬಂದ ಆಂಡ್ರಾಯ್ಡ್ 2.3ರಿಂದಲೇ, ಧ್ವನಿಯ ಮೇಲಿನ ಮತ್ತು ಕೆಳಗಿನ ಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಜರ್ ಫೋನಿನ ಮೂಲ ವ್ಯವಸ್ಥೆಯ ಭಾಗವಾಗಿದೆ. ಆದರೂ ಅದನ್ನು ಒಮ್ಮೆಯಾದರೂ ತೆರೆದು ನೋಡಿದ ಹಿರಿಯರು ನನಗೆ ಇನ್ನೂ ಸಿಕ್ಕಿಲ್ಲ.

ಈಕ್ವಲೈಜರಿನ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯಲು ಅನುಮತಿ ಕೋರುತ್ತೇನೆ. ವಯಸ್ಸಾದಂತೆ ಕಿವಿಯ ಶಕ್ತಿ ಎಲ್ಲ ಧ್ವನಿಗಳಿಗೂ ಒಂದೇ ಸಮನೆ ಕುಗ್ಗುವುದಿಲ್ಲ; ಮೊದಲು ಹೋಗುವುದು ತೀಕ್ಷ್ಣವಾದ, ಎತ್ತರದ ಧ್ವನಿಗಳು. ನಮ್ಮ ಮಾತಿನಲ್ಲಿ ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಧ್ವನಿಗಳಲ್ಲಿದ್ದರೆ, ವ್ಯಂಜನಗಳ ಗುರುತು, ಅದರಲ್ಲೂ ಸ, ಶ, ತ, ಕಗಳಂಥವುಗಳ ಗುರುತು, ಮುಖ್ಯವಾಗಿ ಸೆಕೆಂಡಿಗೆ 2000 ಕಂಪನ, ಅಂದರೆ 2000 ಹರ್ಟ್ಜ್‌ಗಿಂತ ಮೇಲೆ ಇರುತ್ತದೆ. ಹೀಗಾಗಿ ಅರ್ಥಧಾರಿ 'ಸತಿ' ಎಂದರೂ 'ಪತಿ' ಎಂದರೂ ಮುದುಕರ ಕಿವಿಗೆ ಅ–ಇ ಎಂಬ ಎರಡು ಸ್ವರಗಳು ಮಾತ್ರ ತಲುಪುತ್ತವೆ. ಉಳಿದದ್ದನ್ನು ಅವರು ಸಂದರ್ಭದಿಂದ ಊಹಿಸಿಕೊಳ್ಳಬೇಕು. 'ಕೇಳುತ್ತದೆ, ಆದರೆ ತಿಳಿಯುವುದಿಲ್ಲ' ಎಂದು ಹಿರಿಯರು ಹೇಳುವುದರ ಮರ್ಮ ಇದೇ. ವಾಲ್ಯೂಮ್ ಏರಿಸಿದರೆ ಸ್ವರ, ವ್ಯಂಜನ, ಚಂಡೆ ಎಲ್ಲವೂ ಒಟ್ಟಿಗೆ ಏರುತ್ತವೆ. ಸದ್ದು ಹೆಚ್ಚುತ್ತದೆ, ಸ್ಪಷ್ಟತೆ ಹೆಚ್ಚುವುದಿಲ್ಲ. ಬೇಕಾದ ಭಾಗವನ್ನು ಮಾತ್ರ ಎತ್ತಿಕೊಡುವ ಸಾಧನವೇ ಈಕ್ವಲೈಜರ್.

ಅನೇಕ ಆಂಡ್ರಾಯ್ಡ್ ಫೋನುಗಳ ಈಕ್ವಲೈಜರಿನಲ್ಲಿ ಐದು ಕಡ್ಡಿಗಳಿರುತ್ತವೆ: 60, 230, 910, 3600 ಮತ್ತು 14000 ಹರ್ಟ್ಜ್. ತಾಯಿಗಾಗಿ ನಾನು ಮೊದಲ ಎರಡನ್ನು ಚೆನ್ನಾಗಿ ಇಳಿಸಿ, ಮೂರನೆಯದನ್ನು ಸ್ವಲ್ಪ ಇಳಿಸಿ, 3600ರ ಕಡ್ಡಿಯನ್ನು ಇದ್ದಲ್ಲೇ ಬಿಟ್ಟು, ಆಮೇಲೆ ಒಟ್ಟು ವಾಲ್ಯೂಮನ್ನು ಒಂದೆರಡು ಹೆಜ್ಜೆ ಏರಿಸಿದೆ. 3600ರ ಕಡ್ಡಿಯನ್ನೇ ಮೇಲಕ್ಕೆ ಎಳೆಯಬಹುದಿತ್ತಲ್ಲ ಎಂದು ಕೇಳಬಹುದು. 6 ಡೆಸಿಬಲ್ (ಸದ್ದಿನ ಅಳತೆ) ಏರಿಸಿದರೆ ಧ್ವನಿಯಲೆಯ ಎತ್ತರ ಎರಡು ಪಟ್ಟಾಗುತ್ತದೆ. ಮೊದಲೇ ಗಟ್ಟಿಯಾಗಿ ಮುದ್ರಿಸಿದ ಧ್ವನಿಯಾದರೆ ಅದು ಮಿತಿ ಮೀರಿ ಒಡೆದು, ಕರಕರ ಎನ್ನತೊಡಗುತ್ತದೆ. ಬೇಡವಾದದ್ದನ್ನು ಇಳಿಸುವುದು ಬೇಕಾದದ್ದನ್ನು ಏರಿಸುವುದಕ್ಕಿಂತ ಕ್ಷೇಮ. ಹಳೆಯ 78 ಆರ್‌ಪಿಎಂ ತಟ್ಟೆಗಳಿಂದ ತೆಗೆದ ಗಾಯನವನ್ನು ಕೇಳುವಾಗ ಮಾತ್ರ 14000ದ ಕಡ್ಡಿಯನ್ನು ಪೂರ್ತಿ ಇಳಿಸುತ್ತೇನೆ. ಆ ಎತ್ತರದಲ್ಲಿ ಆ ತಟ್ಟೆಗಳಲ್ಲಿರುವುದು ಮುಳ್ಳಿನ ಸರಸರ ಸದ್ದೇ ಹೊರತು ಗಾಯಕರ ಕಂಠವಲ್ಲ.

ಇಲ್ಲಿ ಒಂದು ಕೊರತೆಯನ್ನೂ ಹೇಳಬೇಕು. ಈಕ್ವಲೈಜರಿನಲ್ಲಿ ಮೊದಲೇ ಸಿದ್ಧಪಡಿಸಿಟ್ಟ ಆಯ್ಕೆಗಳೆಂದರೆ ರಾಕ್, ಪಾಪ್, ಜಾಝ್, ಹಿಪ್ ಹಾಪ್, ಹೆವಿ ಮೆಟಲ್, ಡ್ಯಾನ್ಸ್, ಫೋಕ್, ಕ್ಲಾಸಿಕಲ್ ಎಂಬಂಥವು. ಕ್ಲಾಸಿಕಲ್ ಎಂದರೆ ಅಲ್ಲಿ ಪಾಶ್ಚಾತ್ಯ ವಾದ್ಯವೃಂದ. ನಮ್ಮ ಕಛೇರಿಯಲ್ಲಿ ಇರುವುದು ಒಂದು ಕಂಠ, ಒಂದು ತಂಬೂರಿ, ಒಂದು ಪಿಟೀಲೋ ಹಾರ್ಮೋನಿಯಮ್ಮೋ, ಮೃದಂಗ ಅಥವಾ ತಬಲಾ. ತಂಬೂರಿಯ ಜವಾರಿಯಿಂದ (ತಂತಿ ಸವರಿಕೊಂಡು ಮಿಡಿಯುವ ಕುದುರೆಯ ಮೈಯಿಂದ) ಹುಟ್ಟುವ ಝೇಂಕಾರ ಮೂಲ ಷಡ್ಜಕ್ಕಿಂತ, ಅಂದರೆ 'ಸ' ಸ್ವರಕ್ಕಿಂತ, ಎಷ್ಟೋ ಮೇಲಿನ ಧ್ವನಿಗಳಲ್ಲಿ ಹರಡಿರುತ್ತದೆ. ತಬಲಾದ ಜೋಡಿಯಾದ ಡಗ್ಗಾದ ಮೇಲೆ ಅಂಗೈ ಒತ್ತಿ ಎಳೆಯುವ ನಾದ ಕೆಳಗಿನ ಧ್ವನಿಗಳಲ್ಲಿ ಅತ್ತಿಂದಿತ್ತ ಜಾರುತ್ತಿರುತ್ತದೆ. ಈಗ ಮಾರಾಟವಾಗುವ ಅಗ್ಗದ ಇಯರ್‌ಫೋನುಗಳಲ್ಲಿ ಬಹಳಷ್ಟು ಬಾಸ್ (ಕೆಳಗಿನ ಧ್ವನಿ) ಹೆಚ್ಚಿಸಿಯೇ ತಯಾರಾಗುತ್ತವೆ. ಅದರ ಮೇಲೆ ಫೋನಿನ ಬಾಸ್ ಬೂಸ್ಟ್ ಕೂಡ ಆನ್ ಆಗಿದ್ದರೆ ಡಗ್ಗಾದ ಆ ಜಾರು ಒಂದೇ ಗುಂಯ್ ಎಂಬ ಸದ್ದಾಗಿ, ತಂಬೂರಿ ಅದರ ಕೆಳಗೆ ಮುಳುಗಿಹೋಗುತ್ತದೆ. ಮೃದಂಗದ ಎಡಭಾಗಕ್ಕೂ ಇದೇ ಗತಿ. ಗಾಯನ ಕೇಳುವವರು ಬೇರೇನನ್ನೂ ಮಾಡದಿದ್ದರೂ ಸರಿ, ಬಾಸ್ ಬೂಸ್ಟನ್ನು ಒಮ್ಮೆ ಆಫ್ ಮಾಡಿ ಕೇಳಿ ನೋಡಬೇಕೆಂದು ನನ್ನ ಪ್ರಾರ್ಥನೆ. ಇಷ್ಟೊಂದು ಫೋನುಗಳು ಮಾರಾಟವಾಗುವ ನಾಡಿನಲ್ಲಿ ನಮ್ಮ ಗಾಯನಕ್ಕೊಂದು, ನಮ್ಮ ಮಾತಿಗೊಂದು ಸಿದ್ಧ ಆಯ್ಕೆಯನ್ನು ಸೇರಿಸುವುದು ತಯಾರಕರಿಗೆ ಭಾರವಾಗಲಾರದು.

ಇನ್ನು ಕಲಿಯುವವರ ವಿಷಯ. ನನ್ನ ತಂಗಿಯ ಮಗಳು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದಾಳೆ. ಅವಳ ಗುರುಗಳ ಶ್ರುತಿ (ಹಾಡಿಗೆ ಆಧಾರವಾದ ಸ್ವರ) ಕಪ್ಪು ನಾಲ್ಕು, ಅಂದರೆ ಹಾರ್ಮೋನಿಯಮ್ಮಿನ ನಾಲ್ಕನೆಯ ಕಪ್ಪು ಮನೆ; ಅವಳದು ಕಪ್ಪು ಮೂರು. ಪಾಠದ ಮುದ್ರಣವನ್ನು ಮನೆಯಲ್ಲಿ ಹಾಕಿಕೊಂಡು ಅದರ ಜೊತೆ ಹಾಡಲು ಹೋದರೆ ಎರಡು ಮನೆ (ಬಿಳಿ, ಕಪ್ಪು ಎರಡನ್ನೂ ಎಣಿಸಿ) ಮೇಲೆ ಹಾಡಬೇಕಾಗಿ, ತಾರ ಷಡ್ಜಕ್ಕೆ (ಮೇಲಿನ 'ಸ'ಗೆ) ಹೋಗುವಷ್ಟರಲ್ಲಿ ಕಂಠ ಬಿಗಿಯುತ್ತಿತ್ತು. ನಮ್ಮ ಕಾಲದಲ್ಲಿ ಇದಕ್ಕೆ ಟೇಪ್‌ರೆಕಾರ್ಡರಿನ ಮೋಟಾರಿನ ಹಿಂದಿನ ಸಣ್ಣ ತಿರುಪನ್ನು ತಿರುಗಿಸಿ ವೇಗ ತಗ್ಗಿಸುತ್ತಿದ್ದರು. ಒಂದು ಮನೆ ಇಳಿಸಬೇಕಾದರೆ ವೇಗವನ್ನು ಹತ್ತಿರ ಹತ್ತಿರ ನೂರಕ್ಕೆ ಆರರಷ್ಟು ತಗ್ಗಿಸಬೇಕು; ಶ್ರುತಿಯೂ ಇಳಿಯುತ್ತಿತ್ತು, ಲಯವೂ ಕುಂಟುತ್ತಿತ್ತು. ಈಗ ವೇಗವನ್ನು ಮುಟ್ಟದೆ ಶ್ರುತಿಯನ್ನು, ಶ್ರುತಿಯನ್ನು ಮುಟ್ಟದೆ ವೇಗವನ್ನು ಬದಲಿಸುವ ಆ್ಯಪ್‌ಗಳಿವೆ. ಎಲ್ಲ ಸ್ವರಗಳೂ ಒಂದೇ ಅನುಪಾತದಲ್ಲಿ ಕೆಳಗಿಳಿಯುವುದರಿಂದ ಕೋಮಲ ರಿಷಭದ ಸ್ಥಾನವಾಗಲೀ ಗಾಂಧಾರದ ಆಂದೋಲನವಾಗಲೀ (ಸ್ವರದ ತೂಗಾಟ) ಕೆಡುವುದಿಲ್ಲ. ಗುರುಗಳು ಎಲ್ಲಿ ನಿಲ್ಲಿಸಿದ್ದಾರೋ, ಷಡ್ಜದಿಂದ ಅಷ್ಟೇ ದೂರದಲ್ಲಿ ಅದು ನಿಲ್ಲುತ್ತದೆ. ಎರಡು ಮೂರು ಮನೆಗಿಂತ ಹೆಚ್ಚು ಇಳಿಸಿದರೆ ಅಥವಾ ಏರಿಸಿದರೆ ಮಾತ್ರ ಕಂಠದ ಗುಣವೇ ಬದಲಾಗಿ ಕೃತಕವಾಗುತ್ತದೆ. ಕಪ್ಪು ಒಂದರಲ್ಲಿ ಹಾಡುವ ಗಂಡಸಿನ ಪಾಠವನ್ನು ಕಪ್ಪು ನಾಲ್ಕರ ಹುಡುಗಿಗೆ ಹೊಂದಿಸಲು ಏಳು ಮನೆ ಏರಿಸಬೇಕು. ಅದನ್ನು ಕೇಳಿ ಕಲಿಯಬಾರದು ಎಂದೇ ನನ್ನ ಅಭಿಪ್ರಾಯ. ತಾನುಗಳನ್ನು (ವೇಗದ ಸ್ವರಸರಣಿಗಳನ್ನು) ಬಿಡಿಸಿಕೊಳ್ಳಲು ವೇಗವನ್ನು 0.75ಕ್ಕೆ ಇಳಿಸಿಕೊಳ್ಳುವುದು ಬಹಳ ಉಪಯುಕ್ತ. ಜಾಹೀರಾತಿಲ್ಲದೆ ಉಚಿತವಾಗಿ ಸಿಗುವ ವಿಎಲ್‌ಸಿಯಲ್ಲಿ ವೇಗ ಬದಲಾವಣೆಯೂ ಈಕ್ವಲೈಜರೂ ಎರಡೂ ಇವೆ; ಯೂಟ್ಯೂಬಿನಲ್ಲೂ ವೇಗ ಬದಲಿಸಬಹುದು. ಇದನ್ನು ಬಲ್ಲ ಸಂಗೀತ ಶಿಕ್ಷಕರು ತಮ್ಮ ವಿದ್ಯಾರ್ಥಿಗಳಿಗೆ ತೋರಿಸಿಕೊಟ್ಟರೆ ಮನೆಯ ಅಭ್ಯಾಸ ಎಷ್ಟೋ ಸುಲಭವಾಗುತ್ತದೆ.

ಹಾಡಿನ ಆ್ಯಪ್‌ಗಳಲ್ಲಿ ಇರುವ ಕ್ರಾಸ್‌ಫೇಡ್ ಎಂಬ ಆಯ್ಕೆಯನ್ನು ಗಾಯನ ಕೇಳುವವರು ಗಮನಿಸಿ ಆಫ್ ಮಾಡಿಕೊಳ್ಳಬೇಕು. ಒಂದು ಹಾಡು ಮುಗಿಯುತ್ತ ಬಂದಂತೆ ಇನ್ನೊಂದನ್ನು ಅದರ ಮೇಲೆಯೇ ಆರಂಭಿಸುವ ಈ ವ್ಯವಸ್ಥೆ ಸ್ಪಾಟಿಫೈಯಲ್ಲಿ 12 ಸೆಕೆಂಡಿನವರೆಗೂ ಹೋಗುತ್ತದೆ. ಕುಣಿತದ ಹಾಡುಗಳಿಗೆ ಅದು ಹೊಂದುತ್ತದೆ. ಒಬ್ಬ ಗಾಯಕರ ಭೈರವಿ ಮುಗಿಯುತ್ತ ಇನ್ನೊಬ್ಬರ ತಂಬೂರಿ ಬೇರೊಂದು ಷಡ್ಜದಲ್ಲಿ ಮಿಡಿಯತೊಡಗಿದರೆ, ಎರಡು ಷಡ್ಜಗಳು ಒಂದನ್ನೊಂದು ತಿಕ್ಕುವ ಆ ಕೆಲವು ಕ್ಷಣಗಳು ಅದುವರೆಗೆ ಕಟ್ಟಿದ್ದ ರಾಗದ ವಾತಾವರಣವನ್ನೇ ಕೆಡಿಸಿಬಿಡುತ್ತವೆ. ಅದೇ ಆ್ಯಪ್‌ಗಳಲ್ಲಿ ಇರುವ, ಹಾಡಿನಿಂದ ಹಾಡಿಗೆ ಧ್ವನಿಯ ಮಟ್ಟವನ್ನು ಸರಿದೂಗಿಸುವ ಆಯ್ಕೆಯನ್ನು ಮಾತ್ರ ಹಿರಿಯರ ಫೋನಿನಲ್ಲಿ ಆನ್ ಇಟ್ಟಿರುವುದು ಒಳ್ಳೆಯದು. 1950ರ ದಶಕದ ಮೆತ್ತನೆಯ ಮುದ್ರಣದ ಹಿಂದೆಯೇ ಇಂದಿನ ಸಿನಿಮಾ ಹಾಡು ಬಂದು ಕಿವಿಗೆ ಅಪ್ಪಳಿಸುವುದು ಇದರಿಂದ ತಪ್ಪುತ್ತದೆ.

ಡೇಟಾದ ಲೆಕ್ಕವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಸೆಕೆಂಡಿಗೆ 320 ಕಿಲೋಬಿಟ್ ಗುಣಮಟ್ಟದಲ್ಲಿ ಒಂದು ಗಂಟೆ ಕೇಳಿದರೆ ಸುಮಾರು 144 ಎಂಬಿ, 96ರಲ್ಲಿ ಕೇಳಿದರೆ ಸುಮಾರು 43 ಎಂಬಿ ಖರ್ಚಾಗುತ್ತದೆ. ತಾಳಮದ್ದಲೆಯ ಮಾತಿಗೆ 96 ಧಾರಾಳ ಸಾಕು. ತಂಬೂರಿಯ ನಾದ ಪೂರ್ತಿ ಬೇಕೆನ್ನುವವರು ವೈಫೈ ಇರುವಲ್ಲಿ ಹೆಚ್ಚಿನ ಗುಣಮಟ್ಟದಲ್ಲಿ ಇಳಿಸಿಟ್ಟುಕೊಳ್ಳುವುದು ಲೇಸು. ಘಟ್ಟದ ಬುಡದ ನಮ್ಮಂಥ ಹಳ್ಳಿಗಳಲ್ಲಿ ಸಿಗ್ನಲನ್ನು ನಂಬಿ ಪ್ರಸಂಗ ಕೇಳಲು ಕುಳಿತರೆ ವಾದದ ನಡುವೆಯೇ ನಿಂತುಹೋಗುತ್ತದೆ.

ಮಕ್ಕಳ ಕಿವಿಯ ವಿಷಯಕ್ಕೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಗಳು 2019ರಲ್ಲಿ ಸುರಕ್ಷಿತ ಆಲಿಕೆಯ ಮಾನದಂಡವೊಂದನ್ನು ಪ್ರಕಟಿಸಿವೆ. ಅದರಂತೆ ದೊಡ್ಡವರು 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ, ಮಕ್ಕಳು 75 ಡೆಸಿಬಲ್ ಮಟ್ಟದಲ್ಲಿ 40 ಗಂಟೆ ಕೇಳಬಹುದು. ಆದರೆ ಪ್ರತಿ 3 ಡೆಸಿಬಲ್ ಏರಿದಂತೆ ಅವಧಿ ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ವಾಲ್ಯೂಮಿನ ಪಟ್ಟಿಯಲ್ಲಿ ಒಂದೆರಡು ಹೆಜ್ಜೆ ಎಂದು ಕಾಣುವುದು ಕಿವಿಯ ಲೆಕ್ಕದಲ್ಲಿ ಇಷ್ಟು ದೊಡ್ಡದು. ಬಸ್ಸಿನ ಇಂಜಿನ್ನಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸಿದ ಹುಡುಗರು ಇಳಿದ ಮೇಲೂ ಅದನ್ನು ಇಳಿಸುವುದಿಲ್ಲ. ದಿನವೂ ಕಾಲೇಜಿಗೆ ಹೋಗುವ ಮಕ್ಕಳಲ್ಲಿ ನಾನು ಕಂಡಿರುವ ಅಭ್ಯಾಸ ಇದು. ಬೈದು ಬುದ್ಧಿ ಹೇಳುವುದಕ್ಕಿಂತ ಫೋನಿನಲ್ಲೇ ಮಿತಿ ಹಾಕಿಕೊಡುವುದು ಫಲಕಾರಿ. ಐಫೋನಿನಲ್ಲಿ 2020ರಿಂದ ಜೋರು ಧ್ವನಿಯನ್ನು ತಗ್ಗಿಸುವ ಆಯ್ಕೆ ಇದ್ದು, ಮಿತಿಯನ್ನು 75ರಿಂದ 100 ಡೆಸಿಬಲ್ ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಸ್ಯಾಮ್‌ಸಂಗ್ ಫೋನುಗಳಲ್ಲಿ ಹಾಡಿನ ವಾಲ್ಯೂಮಿಗೆ ಮಿತಿ ಹಾಕುವ ಆಯ್ಕೆ ಇದೆ. 2023ರ ಆಂಡ್ರಾಯ್ಡ್ 14ರಲ್ಲಿ ಹೆಡ್‌ಫೋನಿನಲ್ಲಿ ಬಹಳ ಹೊತ್ತು ಜೋರಾಗಿ ಕೇಳುವವರನ್ನು ಎಚ್ಚರಿಸುವ ವ್ಯವಸ್ಥೆಯನ್ನು ಸೇರಿಸಲಾಗಿದೆ. ಫೋನು ಕೊಡಿಸುವ ತಂದೆತಾಯಿಗಳು ಅದೇ ದಿನ ಐದು ನಿಮಿಷ ಕುಳಿತು ಇದನ್ನು ಮಾಡಿಕೊಡಬೇಕು.

ಈ ಪತ್ರದ ಮೂಲಕ ನಾನು ಕೇಳಿಕೊಳ್ಳುವುದು ಇಷ್ಟು. ಫೋನು ಮಾರುವ ಅಂಗಡಿಯವರು ಹಿರಿಯರಿಗೆ ಫೋನು ಕೊಡುವಾಗ ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಕೊಡುತ್ತಾರೆ. ಅದಕ್ಕೆ ನಾವು ಕೃತಜ್ಞರು. ಅದರ ಜೊತೆಗೆ 'ಎರಡೂ ಕಿವಿ ಸರಿಯಾಗಿ ಕೇಳುತ್ತದೆಯೇ?' ಎಂದು ಒಂದು ಪ್ರಶ್ನೆ ಕೇಳಿ, ಇಲ್ಲವೆಂದರೆ ಮೊನೊ ಆನ್ ಮಾಡಿಕೊಟ್ಟರೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಕಿವಿ ಪರೀಕ್ಷೆ ಮಾಡುವ ತಜ್ಞರು ಶ್ರವಣದ ನಕ್ಷೆಯನ್ನು ಕೈಗೆ ಕೊಟ್ಟು ಕಳುಹಿಸುವಾಗ, ಆ ನಕ್ಷೆಯ ಪ್ರಕಾರ ಫೋನಿನ ಯಾವ ಕಡ್ಡಿಯನ್ನು ಎಷ್ಟು ಇಳಿಸಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ, ಶ್ರವಣ ಸಾಧನ ಕೊಳ್ಳಲಾಗದ ಬಡವರಿಗೂ ಅಷ್ಟಾದರೂ ನೆರವಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ದೊಡ್ಡ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ; ಫೋನಿನ ಧ್ವನಿ ಹೊಂದಿಸಿಕೊಳ್ಳುವ ಬಗ್ಗೆ ಚಿತ್ರಸಹಿತವಾದ ಸಣ್ಣ ಕನ್ನಡ ಕೈಪಿಡಿಯನ್ನು ಅಲ್ಲಿನ ತಜ್ಞರು ರೂಪಿಸಿಕೊಟ್ಟರೆ ಅದಕ್ಕಿಂತ ಅಧಿಕೃತವಾದದ್ದು ಬೇರೆ ಇರಲಾರದು. ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಹೊಸ ಫೋನುಗಳ ಬೆಲೆ, ಕ್ಯಾಮೆರಾಗಳ ವಿವರಗಳ ನಡುವೆ, ಈಗಾಗಲೇ ಕೈಯಲ್ಲಿರುವ ಫೋನನ್ನು ಹೀಗೆ ಹೊಂದಿಸಿಕೊಳ್ಳುವುದನ್ನು ಹೇಳಿಕೊಡುವ ಬರಹಗಳಿಗೂ ದಯವಿಟ್ಟು ಜಾಗ ಕೊಡಿ.

ಕೊನೆಯದಾಗಿ, ತಾಳಮದ್ದಲೆ ಕೂಟಗಳನ್ನು, ಬಯಲಾಟಗಳನ್ನು ಸ್ವಂತ ಖರ್ಚಿನಲ್ಲಿ ಮುದ್ರಿಸಿ, ಎಲ್ಲರಿಗೂ ಉಚಿತವಾಗಿ ಸಿಗುವಂತೆ ಮಾಡುತ್ತಿರುವ ಉತ್ಸಾಹಿಗಳಲ್ಲಿ ಒಂದು ವಿನಂತಿ. ರಾತ್ರಿಯಿಡೀ ನಿದ್ದೆಗೆಟ್ಟು ಮೈಕಿನ ಪಕ್ಕ ಕುಳಿತ ನಿಮ್ಮಿಂದಲೇ ಇಂದು ಇಲ್ಲವಾದ ಎಷ್ಟೋ ಅರ್ಥಧಾರಿಗಳ ಮಾತು ನಮ್ಮ ತಾಯಿಯಂಥವರ ಕಿವಿಗೆ ಉಳಿದಿದೆ. ಎರಡು ಮೈಕಿನಲ್ಲಿ ಮುದ್ರಿಸಿದ್ದರೆ, ಹಂಚುವ ಮೊದಲು ಎರಡನ್ನೂ ನಡುವಿಗೆ ಸೇರಿಸಿ. ಹಾಗೆ ಸೇರಿದೆಯೋ ಇಲ್ಲವೋ ನೋಡಲು ಇಯರ್‌ಫೋನಿನ ಎಡದ ಗುಬ್ಬಿಯನ್ನು ತೆಗೆದು ಒಂದು ನಿಮಿಷ ಕೇಳಿ. ಆಮೇಲೆ ಬಲದ್ದನ್ನು ತೆಗೆದು ಇನ್ನೊಂದು ನಿಮಿಷ. ಎರಡು ಸಲವೂ ಪದ ಮತ್ತು ಅರ್ಥ ಎರಡೂ ಕೇಳಿಸಿದರೆ, ಆಗ ಹಂಚಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ,
ಹೊನ್ನಾವರ ತಾಲ್ಲೂಕು, ಉತ್ತರ ಕನ್ನಡ